ಅಪ್‌ಡೇಟ್: ವ್ಲ್ಕೊಲಿನೆಟ್ಸ್‌ನಲ್ಲಿ ಈಗಲೂ ಜನ ಇದ್ದಾರಾ?

ಸ್ಲೊವಾಕಿಯಾದ ಈ ಮರದ ಮನೆಗಳ ಹಳ್ಳಿ ಬರೀ ಮ್ಯೂಸಿಯಮ್ಮಾ, ಅಲ್ಲಿ ಯಾರಾದರೂ ವಾಸ ಇದ್ದಾರಾ ಅಂತ ಹೋದ ಸಲ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆಮೇಲೆ ನಾನೂ ಕೂತು ಓದಿದೆ.

ಜನ ಇದ್ದಾರೆ, ಆದರೆ ವರ್ಷಪೂರ್ತಿ ಇರುವವರು ಇಪ್ಪತ್ತಕ್ಕಿಂತ ಕಡಿಮೆ. ಒಂದಷ್ಟು ಮನೆಗಳು ರಜೆಗೆ ಬಂದು ಹೋಗುವವರದ್ದು. ಆಡಳಿತದ ಲೆಕ್ಕದಲ್ಲಿ ಇದು ಪ್ರತ್ಯೇಕ ಊರೂ ಅಲ್ಲ, ಲಿಪ್ತೊವ್ ಪ್ರದೇಶದ ರುಜೊಂಬೆರೊಕ್ ಪಟ್ಟಣಕ್ಕೆ ಸೇರಿದ್ದು.

ಸಿಡೊರೊವೊ ಬೆಟ್ಟದ ಕೆಳಗೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಇಳಿಜಾರಿನಲ್ಲಿ ಊರಿದೆ. ದಾಖಲೆಯಲ್ಲಿ ಮೊದಲು ಹೆಸರು ಕಾಣುವುದು 1376ರಲ್ಲಿ. 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆ ಕಟ್ಟಿರುವ ರೀತಿ. ಕೆಳಗೆ ಕಲ್ಲಿನ ಬುನಾದಿ, ಅದರ ಮೇಲೆ ಅಡ್ಡಡ್ಡ ಜೋಡಿಸಿದ ಇಡೀ ಮರದ ದಿಮ್ಮಿಗಳು, ಅದಕ್ಕೆ ಮಣ್ಣು ಮೆತ್ತಿ ಬಿಳಿ ಅಥವಾ ನೀಲಿ ಸುಣ್ಣ. ಚಾವಣಿಗೂ ಮರದ ಹಲಗೆಯ ಚೂರುಗಳೇ. ಬೀದಿಯ ಮಧ್ಯೆ ಚಿಕ್ಕ ಕಾಲುವೆಯಲ್ಲಿ ನೀರು ಹರಿಯುತ್ತದೆ. 1770ರ ಮರದ ಗಂಟೆಗೋಪುರ ಇನ್ನೂ ನಿಂತಿದೆ.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಕೆಲವು ಮನೆಗಳು ಸುಟ್ಟುಹೋದವು. ಹಾಗಿದ್ದೂ ಸುಮಾರು 45 ಕಟ್ಟಡಗಳು ಒಟ್ಟಾಗಿ ಉಳಿದಿವೆ, ನನಗಂತೂ ಇದೇ ದೊಡ್ಡ ಸಂಗತಿ. ಮನೆ ಉಳಿಸಲು ಕಾನೂನಿದೆ, ಹಣವೂ ಸಿಗಬಹುದು. ಅಲ್ಲೇ ಬಾಳುವ ಕುಟುಂಬಗಳನ್ನು ಉಳಿಸುವುದು ಬಹಳ ಕಷ್ಟ. ಯಾರಾದರೂ ಹೋಗುವುದಾದರೆ ದಯವಿಟ್ಟು ಕೇಳದೆ ಅಂಗಳಕ್ಕೆ ಕಾಲಿಡಬೇಡಿ, ಕಿಟಕಿಯಲ್ಲಿ ಇಣುಕಬೇಡಿ. ಒಳಗೆ ಜನ ಸಂಸಾರ ಮಾಡುತ್ತಿರುತ್ತಾರೆ.