ಅಪ್‌ಡೇಟ್: ನಮ್ಮ ಕರಿಯನ ಮೂಳೆಯ ಚಟ

ಸಾರಿನಲ್ಲಿ ಬೆಂದ ಕೋಳಿಮೂಳೆಯನ್ನು ನಾಯಿಗೆ ಹಾಕಬಹುದೇ, ಬೇಡವೆಂದರೆ ಅಗಿಯಲು ಏನು ಕೊಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಮ್ಮ ಮಾತಿನಂತೆ ಕರಿಯನನ್ನು ಕಾರವಾರದಲ್ಲಿ ಪಶುವೈದ್ಯರಿಗೆ ತೋರಿಸಿದೆ. ಹೊಟ್ಟೆಯಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ಆದರೆ ಮೇಲ್ದವಡೆಯ ದೊಡ್ಡ ಹಲ್ಲೊಂದು ಚಕ್ಕೆ ಎದ್ದಿತ್ತು! ನಾನೇ ಪ್ರೀತಿಯಿಂದ ತಂದುಕೊಟ್ಟಿದ್ದ ಎಮ್ಮೆಯ ಗೊರಸಿನ ಕೆಲಸ ಅದು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವೈದ್ಯರು ಹೇಳಿಕೊಟ್ಟ ಪರೀಕ್ಷೆ ಬಹಳ ಸರಳ: ಅಗಿಯಲು ಕೊಡುವ ವಸ್ತುವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಗುರುತು ಬೀಳಬೇಕು. ಬೀಳದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ. ಬೆಂದ ಮೂಳೆಯಂತೂ ಬೇಡವೇ ಬೇಡ. ಚೂಪಾಗಿ ಸೀಳಿ ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ. ಹಸಿ ಮೂಳೆ ಅಷ್ಟು ಸುಲಭವಾಗಿ ಸೀಳದಿದ್ದರೂ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಇರಬಹುದು. ಮನೆಯಲ್ಲಿ ಪುಟ್ಟ ಮಗುವಿರುವುದರಿಂದ ಅದನ್ನೂ ಬಿಟ್ಟೆ. ಒಣ ಚರ್ಮವನ್ನು ಮೂಳೆಯ ಆಕಾರಕ್ಕೆ ಸುತ್ತಿ ಅಂಗಡಿಯಲ್ಲಿ ಮಾರುವ ಚರ್ಮದ ಮೂಳೆಯ ತುಂಡು ನುಂಗಿದರೆ ಒಳಗೆ ಉಬ್ಬಿ ಅಡ್ಡ ಸಿಗಬಹುದಂತೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಹಿತ್ತಿಲಿನ ತೆಂಗಿನ ಸಿಪ್ಪೆಯನ್ನು ನಾಯಿ ಕಚ್ಚಿ ಆಡುವುದನ್ನು ನೋಡಿ ಸುಮ್ಮನಿರಬೇಡಿ. ನುಂಗಿದ ನಾರು ಕರುಳನ್ನು ಕಟ್ಟಬಲ್ಲದು. ಕರಟವೂ ಬೇಡ.

ಈಗ ಕರಿಯನಿಗೆ ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡ ರಬ್ಬರ್ ಆಟಿಕೆ. ಅದರೊಳಗೆ ಅನ್ನ, ಉಪ್ಪು ಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ತುಂಬಿ ಫ್ರೀಜರಿನಲ್ಲಿಡುತ್ತೇನೆ. ಮುಳ್ಳು ಆರಿಸುವ ಕೆಲಸವನ್ನು ಆಯಿ ಬೇರೆ ಯಾರಿಗೂ ಬಿಡುವುದಿಲ್ಲ. ಅವನು ಅಗಿದು ಮುಗಿಸುವವರೆಗೆ ನಾನು ಪಕ್ಕದಲ್ಲೇ ಕೂರುತ್ತೇನೆ. ಹಲ್ಲಿನ ಚಿಕಿತ್ಸೆ ಮುಂದಿನ ವಾರ.