ಚಿಕ್ಕಮ್ಮಾ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ

ಚಿಕ್ಕಮ್ಮಾ, ನಿಮ್ಮ ಮೆಸೇಜು ಈಗಷ್ಟೇ ನೋಡಿದೆ. ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು ಅಂತ ಫೋಟೊ ಹಾಕಿದ್ದೀರಲ್ಲ, ಹಳೇ ಸೆಲ್ಲುಗಳು, ಎರಡು ಸಿಎಫ್‌ಎಲ್ ಬಲ್ಬು, ಅರ್ಧ ಉಳಿದ ಬಣ್ಣದ ಡಬ್ಬ, ಥಿನ್ನರ್, ಡೇಟ್ ಮುಗಿದ ಮಾತ್ರೆ, ಟಾಯ್ಲೆಟ್ ತೊಳೆಯುವ ಆಸಿಡ್, ಜಿರಳೆ ಔಷಧಿ, ಜೊತೆಗೆ ಉಬ್ಬಿಕೊಂಡಿರುವ ಒಂದು ಫೋನ್ ಬ್ಯಾಟರಿ. ನೀರಿನಂಥದ್ದನ್ನೆಲ್ಲ ಬಚ್ಚಲಿಗೆ ಸುರಿದು ಉಳಿದದ್ದನ್ನು ಒಂದು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಅದರ ಕೆಳಗೆ ಚಿಕ್ಕಪ್ಪ, ಹಿತ್ತಲಲ್ಲಿ ಸುಟ್ಟುಬಿಡೋಣ ಅಂದಿದ್ದಾರೆ. ದಯವಿಟ್ಟು ಎರಡೂ ಬೇಡ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ.

ಮೊದಲು ಆ ಬ್ಯಾಟರಿ. ಫೋಟೊದಲ್ಲಿ ಅದು ಥಿನ್ನರ್ ಡಬ್ಬದ ಪಕ್ಕದಲ್ಲೇ ಬಿದ್ದಿದೆ, ನೋಡಿ ನನಗೆ ಗಾಬರಿ ಆಯಿತು. ಅದು ಉಬ್ಬಿದೆ ಅಂದರೆ ಒಳಗೆ ಗ್ಯಾಸ್ ತುಂಬಿಕೊಂಡಿದೆ. ಒತ್ತಬೇಡಿ, ಚುಚ್ಚಬೇಡಿ, ಒಂದು ಸಲ ಚಾರ್ಜ್ ಹಾಕಿ ನೋಡೋಣ ಅಂತಲೂ ಹೋಗಬೇಡಿ. ಅದರೊಳಗೆ ಪದರಗಳ ನಡುವೆ ತೀರಾ ತೆಳುವಾದ ಹಾಳೆ ಇರುತ್ತದೆ. ಅದು ಹರಿದರೆ ಒಳಗೇ ಶಾರ್ಟ್ ಆಗಿ, ಬಿಸಿ ಏರುತ್ತಾ ಏರುತ್ತಾ ಬೆಂಕಿ ಹತ್ತಿಕೊಳ್ಳುತ್ತದೆ. ಮೆಲ್ಲಗೆ ಎತ್ತಿ, ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿ ಇಡಿ. ಮುಚ್ಚಳ ಬಿಗಿ ಮಾಡಬೇಡಿ. ಮನೆಯ ಹೊರಗೆ, ನೆರಳಿನಲ್ಲಿ, ಉರಿಯುವಂಥದ್ದು ಯಾವುದೂ ಹತ್ತಿರ ಇಲ್ಲದ ಕಡೆ ಇರಲಿ. ಕಸದ ಗಾಡಿಗೆ ಇಂಥದ್ದು ಹೋದರೆ, ಅಲ್ಲಿ ಕಸವನ್ನು ಒತ್ತಿ ಒತ್ತಿ ತುಂಬುವಾಗ ಅದು ಜಜ್ಜಿಹೋಗಿ ಇಡೀ ಗಾಡಿಯ ಕಸಕ್ಕೇ ಬೆಂಕಿ ಬೀಳಬಹುದು.

ಉಳಿದ ಸೆಲ್ಲುಗಳ ತುದಿಗೆ ಒಂದೊಂದು ತುಂಡು ಟೇಪು ಅಂಟಿಸಿ ಬೇರೆ ಡಬ್ಬಿಗೆ ಹಾಕಿ. ಆ ಚೌಕದ 9 ವೋಲ್ಟಿನದಕ್ಕಂತೂ ಮರೆಯದೆ ಅಂಟಿಸಿ, ಅದರ ಎರಡೂ ತುದಿ ಒಂದೇ ಕಡೆ ಇರುವುದರಿಂದ ಒಂದು ಬೀಗದ ಕೈ ತಗುಲಿದರೂ ಬಿಸಿಯಾಗುತ್ತದೆ. ಗುಂಡಿಯಂಥ ಸಣ್ಣ ಸೆಲ್ ಇದೆಯಲ್ಲ, ಗಡಿಯಾರದ್ದು, ಅದನ್ನು ಮಗುವಿನ ಕೈಗೆ ಸಿಗದ ಹಾಗೆ ಈಗಲೇ ಎತ್ತಿಡಿ. ಖಾಲಿಯಾಗಿದೆ ಅಂತ ನಾವು ಅಂದುಕೊಂಡ ಸೆಲ್ಲಿನಲ್ಲೂ ಕರೆಂಟು ಉಳಿದಿರುತ್ತದೆ. ಮಕ್ಕಳು ನುಂಗಿ ಅದು ಗಂಟಲ ಕೆಳಗಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಒಳಗಿನ ಚರ್ಮ ಸುಟ್ಟುಹೋಗಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನು ಬಚ್ಚಲಿಗೆ ಸುರಿಯುವ ವಿಷಯ. ಇದು ನನಗೇ ಆದದ್ದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮನೆ ಬದಲಾಯಿಸುವಾಗ ತಳದಲ್ಲಿ ಉಳಿದ ಬಾಟಲಿಗಳನ್ನು ಒಂದೊಂದಾಗಿ ಖಾಲಿ ಮಾಡುತ್ತಿದ್ದೆ. ಮೊದಲು ಬಟ್ಟೆ ಬೆಳ್ಳಗಾಗಲು ಹಾಕುವ ಬ್ಲೀಚ್ ಸುರಿದೆ. ಅದು ಇನ್ನೂ ಮೋರಿಯ ಬಾಯಲ್ಲೇ ನಿಂತಿತ್ತು, ಅದರ ಮೇಲೆಯೇ ಟಾಯ್ಲೆಟ್ ಆಸಿಡ್ ಸುರಿದೆ. ಬುಸ್ ಅಂತ ನೊರೆ ಎದ್ದಿತು. ಮೂಗಿಗೆ ಚೂರಿ ಹಾಕಿದಂಥ ವಾಸನೆ. ಕಣ್ಣು ಬಿಡಲು ಆಗಲಿಲ್ಲ, ಎದೆ ಹಿಡಿದುಕೊಂಡಿತು, ಗೋಡೆ ತಡವರಿಸಿಕೊಂಡು ಹೊರಗೆ ಬಂದೆ. ರಾತ್ರಿಯವರೆಗೂ ಕೆಮ್ಮು. ಅದು ಕ್ಲೋರಿನ್ ಗ್ಯಾಸ್ ಅಂತ ಆಮೇಲೆ ಓದಿ ತಿಳಿಯಿತು. 1915ರಲ್ಲಿ, ಮೊದಲನೇ ಮಹಾಯುದ್ಧದಲ್ಲಿ, ಬೆಲ್ಜಿಯಮ್ಮಿನ ಈಪ್ರ್ ಹತ್ತಿರ ಸೈನಿಕರ ಮೇಲೆ ಬಿಟ್ಟರಲ್ಲ, ಅದೇ ಗ್ಯಾಸ್. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಬ್ಲೀಚಿಗೆ ಸೇರಿದರೂ ಇದರಷ್ಟೇ ಕೆಟ್ಟ ಇನ್ನೊಂದು ಗ್ಯಾಸ್ ಬರುತ್ತದೆ. ಹಾಗಾಗಿ ಯಾವುದನ್ನೂ ಇನ್ನೊಂದರ ಜೊತೆ ಸೇರಿಸಬೇಡಿ, ಅದರದರ ಬಾಟಲಿಯಲ್ಲೇ, ಚೀಟಿ ಕೀಳದೆ ಇಡಿ. ಜಾಗ ಉಳಿಯಲಿ ಅಂತ ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿ ಇಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ ನೋಡಿ, ಅದನ್ನು ಬಿಡಲೇಬೇಕು. ಬಾಯಾರಿದವರು ಚೀಟಿ ಓದುವುದಿಲ್ಲ.

ಆಸಿಡ್, ಬ್ಲೀಚ್ ಇವು ಹಾಳಾಗಿಲ್ಲದಿದ್ದರೆ ಎಸೆಯುವುದೇ ಬೇಡ. ಬಾಟಲಿ ಮೇಲೆ ಬರೆದಿರುವ ಹಾಗೆ ಬಳಸಿ ಮುಗಿಸಿ, ಬೇರೆ ಬೇರೆ ದಿನ. ಥಿನ್ನರ್ ಮತ್ತು ಜಿರಳೆ ಔಷಧಿಯನ್ನು ಮಾತ್ರ ಮೋರಿಗೂ ಬೇಡ, ಮಣ್ಣಿಗೂ ಬೇಡ. ಮಣ್ಣಿಗೆ ಸುರಿದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಕೆಳಗಿನ ನೀರಿಗೆ ಇಳಿಯುತ್ತದೆ. ಗಾಡಿಯ ಹಳೇ ಆಯಿಲ್ಲೂ ಅಷ್ಟೇ, ಒಂದೇ ಲೀಟರ್ ಬಹಳಷ್ಟು ನೀರನ್ನು ಕೆಡಿಸುತ್ತದೆ. ನೀರಿನಲ್ಲಿ ಕಲಸುವ ಗೋಡೆ ಬಣ್ಣ ಆದರೆ ಸುಲಭ, ಮರಳೋ ಮರದ ಹೊಟ್ಟೋ ಕಲಸಿ, ಗಾಳಿಯಾಡುವ ಕಡೆ ಮುಚ್ಚಳ ತೆಗೆದಿಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಸಾಮಾನ್ಯವಾಗಿ ಕಸಕ್ಕೆ ಹಾಕಬಹುದು. ಆಯಿಲ್ ಪೇಂಟಿಗೆ ಇದು ಆಗುವುದಿಲ್ಲ. ಇನ್ನೊಂದು, ಅಗಸೆ ಎಣ್ಣೆ ಇರುವ ಪಾಲಿಶಿನಿಂದ ಮರ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು.

ಚಿಕ್ಕಪ್ಪಾ, ಸುಡುವ ಮಾತು ನೀವು ಆಡಿದ್ದಕ್ಕೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಪ್ರೇ ಡಬ್ಬಿ ಬೆಂಕಿಯಲ್ಲಿ ಸಿಡಿಯುತ್ತದೆ, ಖಾಲಿ ಅಂತ ಕಂಡರೂ ಸಿಡಿಯುತ್ತದೆ. ಸೆಲ್ಲು, ಬಣ್ಣ ಸುಟ್ಟರೆ ವಿಷ ಹೋಗುವುದಿಲ್ಲ, ಸ್ವಲ್ಪ ಹೊಗೆಯಾಗಿ ನಿಮ್ಮ ಎದೆಗೆ, ಉಳಿದದ್ದು ಬೂದಿಯಾಗಿ ಹಿತ್ತಲಿಗೆ.

ಸಿಎಫ್‌ಎಲ್ ಬಲ್ಬು, ಹಳೇ ಟ್ಯೂಬ್‌ಲೈಟು ಒಡೆಯದ ಹಾಗೆ ಪೇಪರ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ, ಒಳಗೆ ಪಾದರಸ ಇದೆ. ಬಲ್ಬಿನಲ್ಲಿ ಕೆಲವೇ ಮಿಲಿಗ್ರಾಂ. ಅಜ್ಜಿಯ ಡ್ರಾಯರಿನಲ್ಲಿರುವ ಗಾಜಿನ ಥರ್ಮಾಮೀಟರಿನಲ್ಲಿ ಅದರ ನೂರು ಪಟ್ಟಿಗೂ ಜಾಸ್ತಿ ಇರುತ್ತದೆ. ಇವುಗಳಲ್ಲಿ ಯಾವುದಾದರೂ ಅಕಸ್ಮಾತ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆದು, ಹತ್ತು ನಿಮಿಷ ನೀವೂ ಹೊರಗಿರಿ. ಆಮೇಲೆ ಪೊರಕೆ ಹಿಡಿಯಬೇಡಿ, ಪೊರಕೆ ಹಾಕಿದರೆ ಬಲ್ಬಿನ ಪುಡಿ ಹರಡುತ್ತದೆ, ಥರ್ಮಾಮೀಟರಿನ ಪಾದರಸದ ಹನಿಯಾದರೆ ಒಂದು ಹತ್ತಾಗಿ ನೆಲದ ಸಂದುಗಳಿಗೆ ಉರುಳಿ ಹೋಗುತ್ತದೆ. ದಪ್ಪ ಕಾರ್ಡಿನಿಂದ ಒಟ್ಟು ಮಾಡಿ, ಉಳಿದ ಚೂರನ್ನು ಟೇಪಿನಿಂದ ಒತ್ತಿ ತೆಗೆದು, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ, ಅದರ ಭಯ ಬೇಡ.

ಅಜ್ಜಿಯ ಇನ್ಸುಲಿನ್ ಸೂಜಿಗಳ ಬಗ್ಗೆ ನೀವು ಕೇಳಲಿಲ್ಲ, ಆದರೆ ಹೋದ ಸಲ ಬಂದಾಗ ಹೂವಿನ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ್ದು ನೋಡಿದೆ. ಆ ಬುಟ್ಟಿಯಲ್ಲಿ ಇನ್ನೊಬ್ಬರು ಕೈ ಹಾಕುತ್ತಾರೆ ಚಿಕ್ಕಮ್ಮಾ. ಕಸ ಬೇರೆ ಮಾಡುವವರಿಗೆ ಎಷ್ಟೋ ಸಲ ಗ್ಲೌಸೂ ಇರುವುದಿಲ್ಲ. ಪೇಪರು ಸೂಜಿಯನ್ನು ತಡೆಯುವುದಿಲ್ಲ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಮೇಲೆ ದೊಡ್ಡದಾಗಿ ಸೂಜಿ ಅಂತ ಬರೆಯಿರಿ. ಅದನ್ನು ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರಾ ಅಂತ ಕೇಳೋಣ.

ಮಾತ್ರೆಗಳಿಗೂ ಮೊದಲು ಔಷಧಿ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲ ಅಂದರೆ ಪಟ್ಟಿಯಿಂದ ಬಿಡಿಸಿ, ಪುಡಿ ಮಾಡದೆ, ಮಣ್ಣಿನ ಜೊತೆ ಕಲಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ. ಯಾರೂ ಹೆಕ್ಕಿ ತಿನ್ನಬಾರದು, ಅದೇ ಮುಖ್ಯ. ಆ್ಯಂಟಿಬಯೋಟಿಕ್ ಅಂತೂ ಮೋರಿಗೆ ಹೋಗಲೇಬಾರದು, ನೀರಿನಲ್ಲಿ ಬ್ಯಾಕ್ಟೀರಿಯಾಗಳು ಆ ಔಷಧಿಗೇ ಬಗ್ಗದ ಹಾಗೆ ಬೆಳೆಯುತ್ತವೆ.

ಉಳಿದದ್ದಕ್ಕೆ ಕಸದ ಆಫೀಸಿಗೆ ಫೋನ್ ಮಾಡಿ, ಅಪಾಯದ ಕಸ ಯಾವ ದಿನ, ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ನಾನೇ ಕೇಳುತ್ತೇನೆ. ಭಾನುವಾರ ಬಂದು ಒಟ್ಟಿಗೆ ಕೂತು ವಿಂಗಡಿಸೋಣ, ಅಲ್ಲಿಯವರೆಗೆ ಚೀಲ ಕಟ್ಟಬೇಡಿ. ಈಗ ಎದ್ದು ಆ ಬ್ಯಾಟರಿಯೊಂದನ್ನು ಥಿನ್ನರಿನಿಂದ ದೂರ ಇಟ್ಟು, ಇಟ್ಟೆ ಅಂತ ಇಲ್ಲೇ ಒಂದು ಮಾತು ಹಾಕಿ, ಕಾಯುತ್ತಿರುತ್ತೇನೆ.