ನಳ ಬಂದ ಮೇಲೆ ಪ್ರದರ್ಶನ

ಧಾರವಾಡದಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ಒಂದು ಪ್ಲೇಟು ಮಿರ್ಚಿ ಬರಬೇಕು. ನಮ್ಮ ಕಪ್ಪು-ಬಿಳುಪು ಫೋಟೋ ಪ್ರದರ್ಶನಕ್ಕೆ ಇದು ನಾಲ್ಕನೇ ಪ್ಲೇಟು. ಇನ್ನೂ ಹೆಸರೇ ಆಗಿಲ್ಲ.

ನಾವು ನಾಲ್ವರು: ವಕೀಲ, ಮಾಸ್ತರು, ಬ್ಯಾಂಕು, ನಾನು. ಬ್ಯಾಂಕು ಅಂದರೆ ಬ್ಯಾಂಕಿನಲ್ಲಿ ಕೆಲಸ ಮಾಡುವವ. ಅವನ ನಿಜವಾದ ಹೆಸರು ಅವನ ಹೆಂಡತಿಗಷ್ಟೇ ನೆನಪಿದೆ. ಮಾಸ್ತರ ಹತ್ತಿರ ರೀಲ್ ಕ್ಯಾಮೆರಾ ಇದೆ, ವಕೀಲನ ಹತ್ತಿರ ರೀಲಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಹಳೇ ಎನ್ಲಾರ್ಜರ್ ಇದೆ, ನಮ್ಮ ಮನೆಯಲ್ಲಿ ಕಿಟಕಿ ಇಲ್ಲದ ಬಚ್ಚಲು ಇದೆ. ಬ್ಯಾಂಕಿನ ಹತ್ತಿರ ಅಭಿಪ್ರಾಯ ಇದೆ.

"ಫೋನಿನಾಗ ಹೊಡೆದು ಕಲರ್ ತೆಗೆದ್ರ ಮುಗೀತಲ್ಲ?" ಅಂದ.

ಮಾಸ್ತರು ಮಿರ್ಚಿ ಕೆಳಗಿಟ್ಟರು. ಹಾಗೆ ಇಟ್ಟರೆ ಪಾಠ ಶುರು ಅಂತ ಅರ್ಥ. "ಒಂದು ರೀಲಿಗೆ 36 ಫೋಟೋ. ಮೂವತ್ತೇಳನೇದು ಬಂದ್ರ ಪುಣ್ಯ. ನಿನ್ನ ಫೋನಿನಾಗ ಬದನಿಕಾಯಿ ಪಲ್ಯದ್ದೇ 36 ಅದಾವ."

ಅಲ್ಲಿಂದ ಮಾತು ಊಟಿಗೆ ಹೋಯಿತು. 1960ರಲ್ಲಿ ಶುರುವಾದ ಹಿಂದುಸ್ತಾನ್ ಫೋಟೋ ಫಿಲಂಸ್, ಅದರ 'ಇಂದು' ರೀಲು, ಸರ್ಕಾರವೇ ಫಿಲಂ ಮಾಡುತ್ತಿದ್ದ ಕಾಲ. ಈಗ ಬ್ರಿಟನ್ನಿನ ಇಲ್‌ಫರ್ಡ್ ರೀಲು ತರಿಸಬೇಕು. ಅದರ ರೇಟು ಕೇಳಿದ ಮೇಲೆ ಬ್ಯಾಂಕು ಸ್ವಲ್ಪ ಹೊತ್ತು ಸುಮ್ಮನಿದ್ದ.

ಹೋದ ಭಾನುವಾರದ ಕಥೆ ಹೇಳಲೇಬೇಕು. ಬಚ್ಚಲಲ್ಲಿ ಕೆಂಪು ದೀಪ, ನೆಲದ ಮೇಲೆ ಮೂರು ಟ್ರೇ: ಚಿತ್ರ ಮೂಡಿಸಲು ಡೆವಲಪರ್, ಅದನ್ನು ನಿಲ್ಲಿಸಲು ಸ್ಟಾಪ್, ಚಿತ್ರ ಗಟ್ಟಿಯಾಗಿ ಉಳಿಯಲು ಹೈಪೊ. ಒಲೆ ಮೇಲೆ ಕೂತಿದ್ದ ವಕೀಲ ಕಾಗದವನ್ನು ಮೊದಲನೇ ಟ್ರೇಗೆ ಬಿಟ್ಟು ಮೆಲ್ಲಗೆ ಅಲ್ಲಾಡಿಸಿದ. ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಒಂದು ಮೀಸೆ ಬಂತು. ಬರೀ ಮೀಸೆ. ಅದರ ಹಿಂದೆ ನಿಧಾನಕ್ಕೆ ಹುಬ್ಬು, ಪೇಟದ ನೆರಳು, ಕೊನೆಗೆ ಲೈನ್ ಬಜಾರಿನ ನಮ್ಮ ಹಮಾಲಿ ಅಜ್ಜ ಪೂರ್ತಿ ಬಂದ. ನಾಲ್ವರೂ ಉಸಿರು ಹಿಡಿದಿದ್ದೆವು.

ಆಗ ಬಾಗಿಲು ತೆರೆಯಿತು.

"ಕತ್ತಲದಾಗ ಏನ್ ಮಾಡಾಕತ್ತೀರೋ? ಚಾ ಆರತೈತಿ!"

ಅವ್ವನ ಜೊತೆ ಮಧ್ಯಾಹ್ನದ ಬಿಸಿಲೂ ಒಳಗೆ ಬಂತು. ಬೆಳಕು ತಾಗಬಾರದ ಫೋಟೋ ಕಾಗದದ ಇಪ್ಪತ್ತೈದು ಹಾಳೆಯ ಪಾಕೀಟು ಒಗೆಯುವ ಕಲ್ಲಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಏಳು ಬಳಸಿದ್ದೆವು. ಉಳಿದ ಹದಿನೆಂಟೂ ಹೋದವು. ಚಹಾ ಮಾತ್ರ ಛಲೋ ಇತ್ತು.

"ಒಂದನ್ನಾದರೂ ಫ್ರೇಮ್ ಹಾಕೋಣ," ಅಂದ ವಕೀಲ. "ಡೆವಲಪರಿಗೆ ಬಿಟ್ಟರ ಪೂರ್ತಿ ಕಪ್ಪಾಗತೈತಿ. ಕಪ್ಪು-ಬಿಳುಪಿನಾಗ ಅರ್ಧ ಕೆಲಸ ಆದಂಗ."

ಅದಕ್ಕಿಂತ ದೊಡ್ಡ ಕಷ್ಟ ನೀರಿನದು. ಮಾಸ್ತರಿಗೆ ಫೈಬರ್ ಪೇಪರೇ ಆಗಬೇಕು, ಪ್ಲಾಸ್ಟಿಕ್ ಲೇಪದ ಹಾಳೆ ಅವರ ಕಣ್ಣಿಗೆ ಲಗ್ನಪತ್ರಿಕೆ. ಆದರೆ ಫೈಬರ್ ಹಾಳೆಯನ್ನು ಹರಿಯುವ ನೀರಿನಲ್ಲಿ ತಾಸುಗಟ್ಟಲೆ ತೊಳೆಯಬೇಕು. ಹೈಪೊ ಉಳಿದರೆ ಮುಂದೆ ಚಿತ್ರ ಹಳದಿಗಟ್ಟುತ್ತದೆ. ನಮ್ಮ ಓಣಿಯಲ್ಲಿ ನಳ ಬರುವುದು ಐದು ದಿನಕ್ಕೊಮ್ಮೆ. ಬಕೆಟ್ಟಿನಲ್ಲಿ ನೀರು ಬದಲಿಸುತ್ತಾ ತೊಳೆಯಬಹುದು, ನಿಜ. ಆದರೆ ಅವ್ವ ಕೊಡಗಳ ಲೆಕ್ಕ ಇಟ್ಟಿದ್ದಾಳೆ.

ತೊಳೆದು ಒಣಗಿಸಿದರೆ ಹಾಳೆ ಹಪ್ಪಳದ ಹಾಗೆ ಸುರುಳಿ ಸುತ್ತುತ್ತದೆ. ಮೇಲೆ ಭಾರ ಹೇರಬೇಕು. ಅದಕ್ಕೆ ವಕೀಲನ ಐಪಿಸಿ ಪುಸ್ತಕಗಳು ತಯಾರಿವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅವು ಖಾಲಿ ಕೂತಿವೆ ಅಂತ ನಾನು ಅಂದುಕೊಂಡಿದ್ದೆ. "ಹಳೇ ಕೇಸು ಇನ್ನೂ ಅದರಾಗೇ ನಡೀತಾವಪಾ, ಸೋಮವಾರ ವಾಪಸ್ ಕೊಡು," ಅಂದ.

ಆರಿಸುವುದು ಇನ್ನೊಂದು ಜಗಳ. ರೀಲಿನ ಎಲ್ಲ ಚಿತ್ರಗಳೂ ಸಣ್ಣದಾಗಿ ಒಂದೇ ಹಾಳೆಯಲ್ಲಿರುವ ಕಾಂಟ್ಯಾಕ್ಟ್ ಶೀಟು ಹರಡಿ ನೋಡಿದರೆ ಅರ್ಧಕ್ಕರ್ಧ ಸಾಧನಕೇರಿ ಕೆರೆ. ಬೇಂದ್ರೆಯವರ ಮನೆ ಹತ್ತಿರದ ಕೆರೆ ಅಂದಮೇಲೆ ಕ್ಯಾಮೆರಾ ತಾನೇ ತಿರುಗುತ್ತದೆ. ಮೂರು ಇಟ್ಟು ಉಳಿದಿದ್ದನ್ನು ಬಿಟ್ಟೆವು. ಮಾಸ್ತರು ಎರಡು ದಿನ ಮಾತಾಡಲಿಲ್ಲ. ಕೊನೆಗೆ ಉಳಿದದ್ದು 24.

"ಎಲ್ಲಿ ತೂಗುಹಾಕೋದು?"

"ಹುಬ್ಬಳ್ಳಿ ಪ್ಲಾಟ್‌ಫಾರ್ಮು," ಅಂದ ಬ್ಯಾಂಕು. "ಜಗತ್ತಿನಾಗೇ ಉದ್ದಂದು, 1507 ಮೀಟರ್."

ಮಾಸ್ತರು ಬೆರಳು ಮಡಚಿದರು. "ಒಂದು ಫೋಟೋದಿಂದ ಇನ್ನೊಂದಕ್ಕ 60 ಮೀಟರಿಗೂ ಜಾಸ್ತಿ. ನೋಡುವವರು ನಡುವ ಚಾ ಕುಡಿದು ಬರಬಹುದು."

"ರೈಲು ತಡ ಆದವರು ಪೂರ್ತಿ ನೋಡತಾರ."

ಹೆಸರಿನ ಮಾತು ಮತ್ತೆ ಬಂತು. ವಕೀಲ 'ನೆರಳು-ಬೆಳಕು' ಅಂದ. ಆ ಹೆಸರಿನ ಪ್ರದರ್ಶನಕ್ಕೆ ಈವರೆಗೆ ಎಷ್ಟು ಸಲ ಹೋಗಿದ್ದೇವೋ ಗೊತ್ತಿಲ್ಲ. ಮೂವರೂ ಬೇಡ ಅಂದೆವು. ತಾರೀಖಾದರೂ ಗಟ್ಟಿ ಮಾಡೋಣ ಅಂತ ಬ್ಯಾಂಕು ಕ್ಯಾಲೆಂಡರ್ ತೆರೆದ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅವ್ವ.

"ನಳ ಬಂದೈತಿ!"

ಬ್ಯಾಂಕು ದುಡ್ಡು ಕೊಡಲು ಕಿಸೆಗೆ ಕೈ ಹಾಕುವಷ್ಟರಲ್ಲಿ ಮಾಸ್ತರು ಅವನ ಸ್ಕೂಟರಿನ ಹಿಂದೆ ಹತ್ತಿ ಕೂತಾಗಿತ್ತು. ಕೈಯಲ್ಲಿ ಅರ್ಧ ಮಿರ್ಚಿ.